ಅಣ್ಣನ ಹೆಸರಿನಲ್ಲಿ ಕೂತವನು

ವಯಸ್ಸಾದ ಮನುಷ್ಯ ಎತ್ತರ ಬೆಳೆಯುವುದಿಲ್ಲ. ನಮ್ಮ ಕೈಯಲ್ಲಿದ್ದ ಟ್ಯಾಬ್‌ಗೆ ಇಷ್ಟು ಗೊತ್ತಿತ್ತು. ಹಿಂದಿನ ಸಲ ದಾಖಲಾದ ಎತ್ತರಕ್ಕೂ ಈ ಸಲದ್ದಕ್ಕೂ ಹೆಚ್ಚು ವ್ಯತ್ಯಾಸ ಬಂದರೆ ಅದು ಕೆಂಪು ಗೆರೆ ತೋರಿಸಿ ಮುಂದೆ ಹೋಗಲು ಬಿಡುತ್ತಿರಲಿಲ್ಲ. ಆ ದಿನ ಬೆಳಿಗ್ಗೆ ಚೀಕಲಪರ್ವಿಯ ಆಚೆ, ತುಂಗಭದ್ರೆಯ ದಂಡೆಗೆ ಹತ್ತಿರದ ಒಂದು ಹಳ್ಳಿಯಲ್ಲಿ, ಶಾಲೆಯ ಕಟ್ಟೆಯ ಮೇಲೆ ನಾವು ಕೂತಿದ್ದೆವು. ಐವತ್ತು ದಾಟಿದ ಒಬ್ಬ ಕುರಿಗಾರ ಅಳತೆಕೋಲಿಗೆ ಬೆನ್ನು ಕೊಟ್ಟು ನಿಂತಿದ್ದ. ಕೆಂಪು ಗೆರೆ ಬಂತು.

"ಸ್ವಲ್ಪ ಸರಿಯಾಗಿ ನಿಂದ್ರಿ ಯಜಮಾನ್ರ. ಹಿಮ್ಮಡಿ ಎತ್ತಬ್ಯಾಡ್ರಿ" ಎಂದೆ.

"ಹಿಮ್ಮಡಿ ಎತ್ತಾಕ ನಾನೇನು ಕುಣಿಯಾಕತ್ತೀನೇನವ್ವಾ?"

ರುಮಾಲು ತೆಗೆದಿದ್ದ. ಚಪ್ಪಲಿ ಬಿಟ್ಟಿದ್ದ. ಮತ್ತೊಮ್ಮೆ ಅಳೆದೆ. ಅಷ್ಟೇ ಬಂತು. "ಹೋದ ಸಲಕ್ಕಿಂತ ನಾಕು ಬೆರಳು ಬೆಳದೀರಿ" ಎಂದಾಗ ಕಟ್ಟೆಯ ಕೆಳಗೆ ಕಾಯುತ್ತಿದ್ದ ಜನ ನಕ್ಕರು.

"ಕಾಲುವೆ ನೀರು ಕುಡದು ನಮ್ಮೂರಾಗ ಭತ್ತ ಬೆಳದಾವ, ನಾನೂ ಬೆಳದೀನಿ" ಎಂದು ಅವನೂ ನಕ್ಕ.

ಅವನ ತಮ್ಮನ ಹೆಂಡತಿ ಹೆಂಗಸರ ಸಾಲಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ನಗು ತಡೆಯಲಾರದೆ ಹೇಳಿಬಿಟ್ಟಳು: "ನಮ್ಮ ಭಾವಾರು ಬೆಳದಿಲ್ರೀ ಅಕ್ಕಾರ. ಹೋದ ಸಲ ಇಲ್ಲಿ ನಿಂತಾವ್ರು ನಮ್ಮನಿಯವ್ರು. ಅವ್ರು ಕುಳ್ಳ ಅದಾರ."

"ಹೋದ ಸಲ ಮಾತ್ರಾನೋ?"

"ಯಾವಾಗಲೂ ಅವ್ರ ನಿಂತಾರ. ಭಾವಾರು ಕುರಿ ಹೊಡ್ಕೊಂಡು ಹೋಗಿರತಿದ್ರು. ನೀವು ಅಷ್ಟು ದೂರದಿಂದ ಬಂದಿರ್ತೀರಿ, ಬಂದವ್ರನ್ನ ಹಂಗ ಕಳಸಾಕ ಬರ್ತದೇನ್ರೀ?"

ಯಾರಿಗೂ ಇದರಲ್ಲಿ ತಪ್ಪು ಕಾಣಲಿಲ್ಲ. ನಾನು ರಾಯಚೂರು ಪಟ್ಟಣದವಳಾದರೂ ಅದು ಯಾಕೆಂದು ನನಗೆ ಅರ್ಥವಾಯಿತು. ಆ ಕಡೆಯ ಕುರಿಗಾರರ ಮನೆಗಳಲ್ಲಿ ದೊಡ್ಡವನ ಹೆಸರು ಒಬ್ಬ ಮನುಷ್ಯನದ್ದಲ್ಲ, ಮನೆಯದ್ದು. ಮದುವೆಯಲ್ಲಿ ಮುಯ್ಯಿ ಅಣ್ಣನ ಹೆಸರಿನಲ್ಲಿ ಹೋಗುತ್ತದೆ, ಹಾಕುವವನು ಊರಲ್ಲಿರುವ ತಮ್ಮ. ಗುಡಿಯ ಕೆಲಸಕ್ಕೆ ಅಣ್ಣನ ಹೆಸರು ಕೂಗುತ್ತಾರೆ, ಸಲಿಕೆ ಹಿಡಿದು ಬರುವವನು ತಮ್ಮ. ವರ್ಷದ ಅರ್ಧ ಹಿಂಡಿನ ಹಿಂದೆ ಇರುವ ಜನ ಬೇರೆ ಹೇಗೆ ಬದುಕಬೇಕು? ರಕ್ತ ಕೊಡಲು ಅಣ್ಣನ ಹೆಸರು ಕೂಗಿದಾಗಲೂ ತಮ್ಮ ಎದ್ದು ಬಂದ. ಕಾರ್ಡಿನ ಫೋಟೊದಲ್ಲಿ ರುಮಾಲು ಮತ್ತು ಮೀಸೆ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಅವೆರಡೂ ಅಣ್ಣತಮ್ಮಂದಿರಿಬ್ಬರಿಗೂ ಒಂದೇ ಥರ ಇದ್ದವು.

ನಮ್ಮ ಅಧ್ಯಯನ ಏನೆಂದು ಇಲ್ಲಿ ಹೇಳಬೇಕು. ಮಾನ್ವಿ ಮತ್ತು ದೇವದುರ್ಗ ತಾಲ್ಲೂಕುಗಳ ಕೆಲವು ಹಳ್ಳಿಗಳಲ್ಲಿ ಮನೆಗೊಬ್ಬರಂತೆ ಚೀಟಿ ಎತ್ತಿ ಜನರನ್ನು ಆರಿಸಿದ್ದರು. ಆಗ ಅವರಲ್ಲಿ ಹೆಚ್ಚಿನವರು ಗಟ್ಟಿಮುಟ್ಟಾಗಿಯೇ ಇದ್ದರು. ಎರಡು ವರ್ಷಕ್ಕೊಮ್ಮೆ ಅದೇ ಜನರ ಹತ್ತಿರ ಹೋಗಿ ತೂಕ, ಎತ್ತರ, ರಕ್ತದೊತ್ತಡ ನೋಡುವುದು, ರಕ್ತ ಮತ್ತು ಮೂತ್ರ ಪರೀಕ್ಷಿಸುವುದು, ಏನು ಕೆಲಸ, ಯಾವ ನೀರು, ಎಷ್ಟು ಹೊತ್ತು ಬಿಸಿಲು ಎಂದು ಕೇಳುವುದು ನಮ್ಮ ಕೆಲಸ. ಬಿಸಿಲಲ್ಲಿ ದುಡಿಯುವ ಜನರಲ್ಲಿ ಕೆಲವರ ಮೂತ್ರಪಿಂಡ ಸದ್ದಿಲ್ಲದೆ ಯಾಕೆ ಸೋಲುತ್ತದೆ ಎಂಬುದು ಮುಖ್ಯ ಪ್ರಶ್ನೆ. ಅಧ್ಯಯನದ ಮುಖ್ಯಸ್ಥೆ ಮೈಸೂರು ಕಡೆಯ ಒಬ್ಬ ವೈದ್ಯೆ. ನಾನು ಕೆಲಸಕ್ಕೆ ಸೇರಿದ ದಿನ ಅವರು ಹೇಳಿದ್ದರು: "ರೋಗ ಬಂದಮೇಲೆ ಆಸ್ಪತ್ರೆಗೆ ಬರುವವರನ್ನು ನೋಡಿದರೆ ಕೊನೆಯ ಪುಟ ಮಾತ್ರ ಸಿಗುತ್ತದೆ. ನಮಗೆ ಮೊದಲಿನಿಂದ ಬೇಕು. ಒಬ್ಬ ಮನುಷ್ಯನನ್ನು ಅವನ ಹಿಂದಿನ ವರ್ಷಗಳ ಜೊತೆಗೇ ಹೋಲಿಸಬೇಕು."

ಈ ಮಾತು ನನಗೆ ಬೇಗ ಹತ್ತಿತು. ನನ್ನ ಅಪ್ಪ, ನಮ್ಮ ಅಬ್ಬಾ, ರಾಯಚೂರಿನ ಬಜಾರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದರು. ಕಾಲು ಬಾತುಕೊಂಡ ಮೇಲೆಯೇ ಅವರ ಎರಡೂ ಮೂತ್ರಪಿಂಡ ಹೋಗಿವೆ ಎಂದು ತಿಳಿದದ್ದು. "ಹಳೆಯ ರಿಪೋರ್ಟ್ ಏನಾದರೂ ಇದೆಯಾ?" ಎಂದು ಡಾಕ್ಟರು ಕೇಳಿದಾಗ ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಚೆನ್ನಾಗಿರುವ ಮನುಷ್ಯನ ರಕ್ತ ಯಾರು ಯಾಕೆ ಪರೀಕ್ಷಿಸುತ್ತಾರೆ? ಡಯಾಲಿಸಿಸ್ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ನಾನು ಬಹಳ ಕೂತಿದ್ದೇನೆ. ನರ್ಸಿಂಗ್ ಕಲಿತದ್ದೂ ಆಮೇಲೆಯೇ.

ಆ ಬೆಳಿಗ್ಗೆ ಎಲ್ಲರೂ ನಗುತ್ತಿರುವಾಗ ನಾನು ಟ್ಯಾಬ್‌ನಲ್ಲಿ ಆ ಹೆಸರಿನ ಹಿಂದಿನ ಫಲಿತಾಂಶಗಳನ್ನು ತೆಗೆದೆ. ಮೂತ್ರಪಿಂಡ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಸ ರಕ್ತದಲ್ಲಿ ಎಷ್ಟು ಉಳಿದಿದೆ ಎಂದು ನಾವು ನೋಡುತ್ತೇವೆ. ಮೊದಲ ಸಲ ಅದು ಸರಿಯಾಗಿತ್ತು. ಎರಡನೇ ಸಲ ಸ್ವಲ್ಪ ಏರಿತ್ತು. ಮೂರನೇ ಸಲ ಇನ್ನೂ ಏರಿ, ಆಸ್ಪತ್ರೆಗೆ ಹೋಗಿ ತೋರಿಸಿ ಎಂದು ಮನೆಗೆ ಚೀಟಿ ಕೊಡುವಷ್ಟಾಗಿತ್ತು.

"ಯಜಮಾನ್ರ, ನಮ್ಮವ್ರು ಒಂದು ಚೀಟಿ ಕೊಟ್ಟಿದ್ರಲ್ಲ. ದವಾಖಾನಿಗೆ ಹೋಗಿದ್ರೇನು?"

"ಹೋಗಿದ್ದೆ ಅಂತೀನಿ!" ಅವನು ಜನರ ಕಡೆ ತಿರುಗಿದ. "ಮಾನ್ವ್ಯಾಗ ತೋರಿಸ್ದೆ. ರಕ್ತ ನೋಡಿ ಡಾಕ್ಟರು ಏನಂದ್ರು? ನಿನ್ನ ಕಿಡ್ನಿ ಹರೇದ ಹುಡುಗನ ಕಿಡ್ನಿ ಇದ್ದಂಗ ಅದ, ಕುರಿ ಕಾಯಿ ಹೋಗು ಅಂದ್ರು. ಅವತ್ತ ನಾನು ಹೇಳ್ದೆ, ಇವರ ಮಷೀನ ಸುಳ್ಳು ಹೇಳ್ತಾವ ಅಂತ."

ಮತ್ತೆ ನಗು. ನಾನು ಟ್ಯಾಬ್ ಕೆಳಗಿಟ್ಟೆ. ಇದನ್ನು ಎಲ್ಲರ ಎದುರು ಹೇಳಬೇಕೋ, ಪಕ್ಕಕ್ಕೆ ಕರೆದು ಹೇಳಬೇಕೋ ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ತಮ್ಮನ ಹೆಂಡತಿಯ ನಗು ನಿಂತಿತ್ತು. ಅವಳು ಎದ್ದು ಕಟ್ಟೆಯ ಹತ್ತಿರ ಬಂದಳು.

"ಅಕ್ಕಾರ, ಆ ಚೀಟಿ ಬಂದಿದ್ದು ನಮ್ಮನಿಯವ್ರ ರಕ್ತಕ್ಕಲ್ಲ?"

"ಹೌದು."

"ಭಾವಾರು ತಮ್ಮ ರಕ್ತ ತೋರಿಸಿ ಬಂದಾರ."

"ಹೌದು."

"ಹಂಗಾದ್ರ ನಮ್ಮನಿಯವ್ರಿಗೆ ಯಾರೂ ತೋರಿಸಿಲ್ಲ."

ಅಣ್ಣ ರುಮಾಲನ್ನು ಕೈಯಲ್ಲಿ ಹಿಡಿದುಕೊಂಡೇ ಅಳತೆಕೋಲಿನ ಪಕ್ಕ ಕೂತುಬಿಟ್ಟ. ಆಮೇಲೆ ಯಾರೂ ನಗಲಿಲ್ಲ.

ತಮ್ಮ ಎಲ್ಲಿ ಎಂದು ಕೇಳಿದೆ. ಅಣ್ಣನಿಗೆ ಮೊಣಕಾಲು ನೋವು ಬಂದದ್ದರಿಂದ ಆ ವರ್ಷ ಮೊದಲ ಸಲ ತಮ್ಮ ಹಿಂಡು ಹೊಡೆದುಕೊಂಡು ಹೋಗಿದ್ದ. ಊರ ಸುತ್ತ ಎರಡನೇ ಬೆಳೆಗೆ ಭತ್ತದ ನಾಟಿ ನಡೆದಿತ್ತು, ಕುರಿಗೆ ಕಾಲಿಡಲು ಜಾಗವಿರಲಿಲ್ಲ. ದೇವದುರ್ಗದ ಕಡೆ ಹತ್ತಿ ಬಿಡಿಸಿ ಮುಗಿದ ಹೊಲಗಳಿದ್ದವು. ಫೋನ್ ಮಾಡಿದರು. ಸ್ವಿಚ್ ಆಫ್. ಫೋನಿಗೆ ಚಾರ್ಜ್ ಮಾಡಲು ಅವನು ಯಾವುದಾದರೂ ಹೊಲದವರ ಮನೆಗೆ ಹೋಗಬೇಕು.

ಸಂಜೆ ಅವನೇ ಫೋನ್ ಮಾಡಿದನಂತೆ. ಹೆಂಡತಿ ಅತ್ತು ಹೇಳಿದಳಂತೆ, ಅಣ್ಣ ಬೈದು ಹೇಳಿದನಂತೆ. ಕುರಿ ಯಾರ ಮೇಲೆ ಬಿಟ್ಟು ಬರಲಿ, ನನಗೇನಾಗಿದೆ, ಹಬ್ಬಕ್ಕೆ ಬಂದಾಗ ನೋಡೋಣ ಎಂದು ಅವನು ಇಟ್ಟುಬಿಟ್ಟನಂತೆ.

ಆ ಸಂಜೆ ಮನೆಗೆ ಬಂದು ನಾನು ಚಹಾ ಮುಟ್ಟದೆ ಕೂತಿದ್ದೆ. "ಕಾಯಕು ಚುಪ್ ಬೈಠೀ?" ಎಂದು ಅಮ್ಮಿ ಕೇಳಿದಳು, ಯಾಕೆ ಸುಮ್ಮನೆ ಕೂತಿದ್ದೀ ಎಂದು. ಹೇಳಿದೆ. "ಕಾಲು ಬಾತಿದೆಯಾ ಅವನಿಗೆ?" ಎಂದು ಕೇಳಿದಳು. ಗೊತ್ತಿಲ್ಲ ಎಂದೆ.

ಮರುದಿನ ಬೆಳಿಗ್ಗೆ, ನನ್ನಿಂದ ವಿಷಯ ತಿಳಿದ ನಮ್ಮ ಮುಖ್ಯಸ್ಥೆ ಡಾಕ್ಟರ್ ಅಧ್ಯಯನದ ಜೀಪಿನಲ್ಲಿ ತಾವೇ ಹೊರಟರು. ಮಾನ್ವಿಯಲ್ಲಿ ಅಣ್ಣನನ್ನೂ ತಮ್ಮನ ಹೆಂಡತಿಯನ್ನೂ ಹತ್ತಿಸಿಕೊಂಡೆವು. ಅಣ್ಣ ಕಂಬಳಿ, ಕೋಲು, ಒಂದು ಬುತ್ತಿ ತಂದಿದ್ದ. ಯಾಕೆಂದು ನಾವು ಕೇಳಲಿಲ್ಲ. ಸಿರವಾರ ದಾಟಿದ ಮೇಲೆ ಅವನೇ ಕೇಳಿದ:

"ಡಾಕ್ಟ್ರೇ, ನಿಮ್ಮ ಲೆಕ್ಕ ಎಲ್ಲಾ ಕೆಟ್ಟು ಹೋತೇನ್ರೀ ನಮ್ಮಿಂದ?"

ಡಾಕ್ಟರ್ ಸುಳ್ಳು ಹೇಳಲಿಲ್ಲ. "ನಿಮ್ಮ ಹೆಸರಿನಲ್ಲಿರುವುದನ್ನೆಲ್ಲ ಅಧ್ಯಯನದಿಂದ ತೆಗೆಯಬೇಕು. ಚೀಟಿ ಎತ್ತಿದ ದಿನ ಒಪ್ಪಿ ಸಹಿ ಮಾಡಿದವರು ನೀವು, ರಕ್ತ ಕೊಟ್ಟಿಲ್ಲ. ಅವರು ರಕ್ತ ಕೊಟ್ಟವರು, ತಮ್ಮ ಹೆಸರಿನಲ್ಲಿ ಒಪ್ಪಿಗೆ ಕೊಟ್ಟಿಲ್ಲ. ಬೇರೆ ಮನೆಗಳಲ್ಲೂ ಹೀಗಾಗಿದೆಯೋ ಏನೋ ನೋಡಬೇಕು. ನಾವು ಕುರಿ ಹೋಗುವ ಕಾಲಕ್ಕೇ ಬರ್ತಾ ಇದ್ವಿ. ಅದು ನಮ್ಮ ತಪ್ಪು."

"ಎಲ್ಲಾ ದಂಡ ಆತು ಹಂಗಾದ್ರ."

"ಅಧ್ಯಯನಕ್ಕೆ ಹೋಯ್ತು. ನಿಮ್ಮ ತಮ್ಮನಿಗೆ ಹೋಗಿಲ್ಲ."

ಅವನಿಗೆ ಅದು ಅರ್ಥವಾಗಲಿಲ್ಲ. ನನಗೂ ಆಗ ಪೂರ್ತಿ ಅರ್ಥವಾಗಲಿಲ್ಲ.

ದೇವದುರ್ಗದಿಂದ ಕೃಷ್ಣೆಯ ಕಡೆ ಹೋಗುವ ದಾರಿಯಲ್ಲಿ, ಒಣಗಿದ ಹತ್ತಿಕಟ್ಟಿಗೆ ನಿಂತಿದ್ದ ಒಂದು ಹೊಲದಲ್ಲಿ ಹಿಂಡು ಸಿಕ್ಕಿತು. ಗೊಬ್ಬರಕ್ಕೆಂದು ಹೊಲದವರು ಕುರಿ ತರುಬಿಸಿಕೊಂಡಿದ್ದರು, ಅಂದರೆ ರಾತ್ರಿ ಹೊಲದಲ್ಲೇ ನಿಲ್ಲಿಸಿಕೊಂಡಿದ್ದರು. ಮರಿಗಳನ್ನು ಬಲೆಯ ಬೇಲಿಯೊಳಗೆ ಬಿಟ್ಟು ದೊಡ್ಡ ಕುರಿಗಳನ್ನು ಹೊರಡಿಸುವ ಹೊತ್ತು. ತಮ್ಮ ನಮ್ಮನ್ನು ಕಂಡು ನಿಂತ. ಅಣ್ಣನ ಹಾಗೆಯೇ ಮುಖ, ಅಣ್ಣನಿಗಿಂತ ಕುಳ್ಳ. ನಾನು ಮೊದಲು ನೋಡಿದ್ದು ಅವನ ಪಾದಗಳನ್ನು. ಧೂಳು ಹಿಡಿದ, ಬಿರುಕುಬಿಟ್ಟ, ಒಣ ಪಾದಗಳು. ಬಾತಿರಲಿಲ್ಲ. ನಾನು ಉಸಿರು ಬಿಟ್ಟದ್ದು ಪಕ್ಕದಲ್ಲಿದ್ದ ಅವನ ಹೆಂಡತಿಗೆ ಕೇಳಿಸಿತು.

"ಏನಿದು, ದಿಬ್ಬಣ ತಂದೀಯಲ್ಲೋ ಅಣ್ಣಾ" ಎಂದ ತಮ್ಮ.

"ಬಾಯಿ ಮುಚ್ಚಿ ಕುಂದ್ರಲೇ. ರಕ್ತ ಕೊಡು."

"ಮತ್ತ ನಿನ್ನ ಹೆಸರಿಲೇನು?"

ಅಣ್ಣನಿಗೆ ನಗು ಬರಲಿಲ್ಲ. ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿಯೇ ತಮ್ಮ ಕಂಬಳಿಯ ಮೇಲೆ ಕೂತ.

ರಕ್ತದೊತ್ತಡ ನೋಡಿದೆ. ಜಾಸ್ತಿ ಇತ್ತು. ಸ್ವಲ್ಪ ಬಿಟ್ಟು ಮತ್ತೆ ನೋಡಿದೆ, ಅಷ್ಟೇ ಇತ್ತು. ಏನಾದರೂ ಗುಳಿಗೆ ತಗೊಳ್ತೀರಾ ಎಂದು ಡಾಕ್ಟರ್ ಕೇಳಿದರು.

"ಏನೂ ಇಲ್ರೀ. ಬ್ಯಾನಿಗೀನಿ ಇಲ್ಲ ನನಗ."

"ನೋವಿಗೆ?"

"ಅದು ಗುಳಿಗಿ ಅಲ್ರೀ, ಅದು ದಿನದ್ದು." ಅಂಗಿಯ ಜೇಬಿನಿಂದ ನೋವಿನ ಮಾತ್ರೆಯ ಪಟ್ಟಿ ತೆಗೆದು ತೋರಿಸಿದ. ಬೆನ್ನು ಹಿಡಿದಾಗಿನಿಂದ ಬೆಳಿಗ್ಗೆ ಒಂದು, ಸಂಜೆಗೆ ಒಂದು. ಅಂಗಡಿಯಲ್ಲಿ ಸಿಗುತ್ತದೆ, ಹಿಂಡಿನವರೆಲ್ಲ ತಗೊಳ್ಳುತ್ತಾರೆ. ಹಿಂಡಿಗೆ ಬರುವ ಮೊದಲು ಭತ್ತದ ಗದ್ದೆಯಲ್ಲೂ ತಗೊಳ್ಳುತ್ತಿದ್ದ. ಬಿಸಿಲಿನಲ್ಲಿ ನೀರು ಎಷ್ಟು ಕುಡಿಯುತ್ತೀರಿ ಎಂದರೆ, ಕುರಿ ಕುಡಿದಾಗ ಕುಡಿಯುತ್ತೇನೆ ಎಂದ.

ಡಾಕ್ಟರ್ ಬೈಯಲಿಲ್ಲ. ಆ ಪಟ್ಟಿಯನ್ನು ಕೈಗೆ ತಗೊಂಡು, ಇದನ್ನು ಇವತ್ತಿನಿಂದ ನಿಲ್ಲಿಸಬೇಕು ಎಂದರು. ಇದರಿಂದಲೇ ಆಯಿತು ಎಂದು ಹೇಳಲಾರೆ ಎಂದೂ ಸೇರಿಸಿದರು. ಬಿಸಿಲು ಇರಬಹುದು, ನೀರು ಇರಬಹುದು, ರಕ್ತದೊತ್ತಡ ಇರಬಹುದು, ಎಲ್ಲ ಸೇರಿ ಇರಬಹುದು. ಯಾವುದು ಎಷ್ಟು ಎಂದು ತಿಳಿಯಲಿಕ್ಕೇ ವರ್ಷಗಟ್ಟಲೆ ನಿಮ್ಮ ಬೆನ್ನು ಹತ್ತಿದ್ದೇವೆ ಎಂದರು.

"ಗುಳಿಗಿ ಬಿಟ್ರ ನಡೆಯಾಕ ಆಗಲ್ರೀ. ಕುರಿ?"

"ಕುರಿ ನಾ ನೋಡ್ತೀನಿ" ಎಂದ ಅಣ್ಣ. ಆಗ ನಮಗೆ ಕಂಬಳಿ ಮತ್ತು ಬುತ್ತಿ ಯಾಕೆಂದು ತಿಳಿಯಿತು.

"ನಿನ್ನ ಮೊಣಕಾಲು?"

"ಕುರಿ ನಿಧಾನ ಮಾಡ್ತಾವ. ನನ್ನಕಿಂತ ಅವಕ್ಕ ಬುದ್ಧಿ ಅದ. ಜೋಡಿ ಹಿಂಡಿನವ್ರು ಅದಾರ. ನೀ ಏಳು."

ತಮ್ಮ ಏಳಲಿಲ್ಲ. ಹಿಂಡನ್ನು ನೋಡಿದ, ಅಣ್ಣನ ಕಾಲನ್ನು ನೋಡಿದ. ಆಗ ಹೆಂಡತಿ ಮುಂದೆ ಬಂದಳು. ದಾರಿಯುದ್ದಕ್ಕೂ ಒಂದು ಮಾತೂ ಆಡದೆ ಬಂದವಳು. "ನೀರಮಾನ್ವಿ ಎಲ್ಲಮ್ಮನಾಣಿ ಮಾಡಿ ಹೇಳ್ತೀನಿ, ಈ ಜೀಪಿನ್ಯಾಗ ನೀ ಹತ್ತದಿದ್ರ ನಾನೂ ಹತ್ತಂಗಿಲ್ಲ. ಇಲ್ಲೇ ಈ ಹತ್ತಿಕಟಿಗ್ಯಾಗ ಕುಂದ್ರತೀನಿ. ಕುರಿ ಜೋಡಿ ನನ್ನೂ ತರುಬು."

ಹೊಲದವನ ಹೆಂಡತಿ ಹೊಲದ ಒಡ್ಡಿನ ಮೇಲೆ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. "ಹೋಗಪ್ಪಾ ಯಪ್ಪಾ, ಆಕಿನ್ನ ನನ್ನ ಹೊಲದಾಗ ಬಿಟ್ಟು ಹೋಗಬ್ಯಾಡ, ಇಷ್ಟು ಬಾಯಿ ನನಗ ತಡಿಯಂಗಿಲ್ಲ" ಎಂದಳು. ಅದಕ್ಕೆ ತಮ್ಮ ನಕ್ಕ. ಎದ್ದ.

ಜೀಪು ಹತ್ತುವ ಮೊದಲು ಅಣ್ಣ ಡಾಕ್ಟರ ಹತ್ತಿರ ಬಂದು, ನನ್ನ ಹೆಸರಿನಿಂದ ಇವನಿಗೆ ಹಿಂಗಾತು ಎಂದ. ಡಾಕ್ಟರ್ ತಲೆ ಅಲ್ಲಾಡಿಸಿದರು. "ನೀವೇ ಊರಲ್ಲಿದ್ದು ನೀವೇ ಕೂತಿದ್ದರೆ ನಮಗೆ ಸಿಗುತ್ತಿದ್ದದ್ದು ನಿಮ್ಮ ರಕ್ತ. ಅದು ಚೆನ್ನಾಗಿದೆ. ನಾವು ಚೆನ್ನಾಗಿದೆ ಎಂದು ಬರೆದು ಹೋಗುತ್ತಿದ್ದೆವು. ಚೀಟಿ ಎತ್ತಿದಾಗ ಇವರ ಹೆಸರು ಬಂದೇ ಇರಲಿಲ್ಲ. ಇವರು ಪ್ರತಿ ಸಲ ನಿಮ್ಮ ಜಾಗದಲ್ಲಿ ಕೂತದ್ದರಿಂದಲೇ ಇವರ ಮೂತ್ರಪಿಂಡ ಮೊದಲು ಹೇಗಿತ್ತು, ಅದರ ಶಕ್ತಿ ಯಾವಾಗಿನಿಂದ ಇಳಿಯಿತು, ಎಷ್ಟು ಬೇಗ ಇಳಿಯುತ್ತಿದೆ ಎಂದು ನಮಗೆ ಗೊತ್ತು."

ಹಳೆಯ ರಿಪೋರ್ಟ್ ಇದೆಯಾ ಎಂದು ಅಬ್ಬಾನ ಡಾಕ್ಟರು ಕೇಳಿದಾಗ ನಮ್ಮ ಹತ್ತಿರ ಇಲ್ಲದ ಉತ್ತರ ಇವನ ಹತ್ತಿರ ಇತ್ತು. ಬೇರೆ ಹೆಸರಿನಲ್ಲಿದ್ದರೂ ಅದು ಇವನದ್ದೇ. ನಾನು ಜೀಪಿನ ಹಿಂದಿನ ಸೀಟಿನಲ್ಲಿ ರಕ್ತದ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ರಾಯಚೂರಿನವರೆಗೆ ಕೂತಿದ್ದೆ.

ಆ ಸಲದ ಫಲಿತಾಂಶ ಮೂರನೇ ಸಲಕ್ಕಿಂತ ಕೆಟ್ಟದಾಗಿತ್ತು. ರಾಯಚೂರಿನ ಆಸ್ಪತ್ರೆಯಲ್ಲಿ ಮೂತ್ರಪಿಂಡದ ಡಾಕ್ಟರು ಹಿಂದಿನ ಫಲಿತಾಂಶಗಳನ್ನೆಲ್ಲ ಸಾಲಾಗಿ ಇಟ್ಟುಕೊಂಡು ನೋಡಿದರು. ಹೋದದ್ದು ತಿರುಗಿ ಬರುವುದಿಲ್ಲ, ಆದರೆ ಉಳಿದದ್ದನ್ನು ಬಹಳ ವರ್ಷ ಉಳಿಸಿಕೊಳ್ಳಬಹುದು ಎಂದರು. ರಕ್ತದೊತ್ತಡದ ಮಾತ್ರೆ, ಉಪ್ಪು ಕಡಿಮೆ, ನೋವಿನ ಮಾತ್ರೆ ಪೂರ್ತಿ ಬಂದ್, ನಡು ಮಧ್ಯಾಹ್ನದ ಬಿಸಿಲಿನಲ್ಲಿ ನಡೆಯಬಾರದು. ಇಳಿಯುವುದು ನಿಲ್ಲುತ್ತದೋ ಇಲ್ಲವೋ ಈಗಲೇ ಹೇಳಲಾಗದು, ಕಾದು ನೋಡಬೇಕು ಎಂದರು. ತಮ್ಮನ ಹೆಂಡತಿ ಅಷ್ಟನ್ನೂ ಒಮ್ಮೆ ಕೇಳಿ ಒಪ್ಪಿಸಿದಳು. ಉಪ್ಪಿನಕಾಯಿ ಭರಣಿಯನ್ನು ಅಕ್ಕನ ಮನೆಗೆ ಕಳಿಸಿದ್ದೇನೆ ಎಂದು ಮುಂದೆ ಒಂದು ಸಲ ಫೋನಿನಲ್ಲಿ ಹೇಳಿದಳು.

ನಮ್ಮಲ್ಲೂ ಬದಲಾವಣೆ ಆಯಿತು. ಎತ್ತರ ಹೊಂದದ ಹೆಸರುಗಳನ್ನೆಲ್ಲ ತೆಗೆದು ಮನೆಮನೆಗೆ ಹೋಗಿ ಕೇಳಿದೆವು. ಇನ್ನೂ ಕೆಲವು ಮನೆಗಳಲ್ಲಿ ಹೀಗೇ ಆಗಿತ್ತು. ಎಲ್ಲವೂ ಕುರಿಗಾರರವೇ. ಆಮೇಲಿನಿಂದ ಕುರಿಗಾರರ ಮನೆಗೆ ಹೋದಾಗ ನಾವು ಮೊದಲು ಕೇಳುವುದು ಹಿಂಡು ಎಲ್ಲಿದೆ ಎಂದು. ಹಿಂಡು ಇದ್ದಲ್ಲಿಗೆ ತೂಕದ ಯಂತ್ರ, ಅಳತೆಕೋಲು, ರಕ್ತವನ್ನು ತಣ್ಣಗಿಡುವ ಡಬ್ಬಿ ಹೋಗುತ್ತವೆ. ಚೀಟಿ ಎತ್ತಿದಾಗ ಹೆಸರು ಬಂದವನನ್ನು ಹುಡುಕಿಯೇ ಹುಡುಕುತ್ತೇವೆ. ಅವನ ಜೊತೆ ಇರುವವರ ರಕ್ತದೊತ್ತಡವನ್ನೂ ನೋಡಿ ಬರುತ್ತೇವೆ. ಇಂಥ ಅಧ್ಯಯನಗಳಿಗೆ ಒಪ್ಪಿಗೆ ನೀಡುವ ಸಮಿತಿ ಅನುಮತಿ ಕೊಟ್ಟಮೇಲೆ ತಮ್ಮನನ್ನು ಅವನ ಹೆಸರಿನಲ್ಲೇ ಹೊಸದಾಗಿ ಸೇರಿಸಿಕೊಂಡರು, ಹಳೆಯ ಫಲಿತಾಂಶಗಳನ್ನು ಬಳಸಲು ಅವನ ಒಪ್ಪಿಗೆಯನ್ನೂ ಕೇಳಿದರು. "ನಂದ ರಕ್ತ, ನನ್ನ ಕೇಳ್ತೀರೇನು?" ಎಂದು ಅವನು ಆಶ್ಚರ್ಯಪಟ್ಟ. ಹೌದು, ನಿಮ್ಮದೇ ಎಂದು ಕೇಳುತ್ತಿದ್ದೇವೆ ಎಂದೆ.

ಎರಡು ವರ್ಷ ಕಳೆದು ಮುಂದಿನ ಸುತ್ತು ಬಂತು. ನಡುವೆ ಆಸ್ಪತ್ರೆಯ ಪರೀಕ್ಷೆಗಳಲ್ಲಿ ಕ್ರಿಯಾಟಿನಿನ್ ಒಮ್ಮೆ ಸ್ವಲ್ಪ ಏರಿತ್ತು, ಒಮ್ಮೆ ಇಳಿದಿತ್ತು. ಆದರೆ ಅವು ಬೇರೆ ಬೇರೆ ಯಂತ್ರದವು. ನಮ್ಮ ಪ್ರಯೋಗಾಲಯದ್ದು ಬಂದ ಮೇಲೆಯೇ ಹಿಂದಿನದ್ದರ ಜೊತೆ ಸರಿಯಾಗಿ ಹೋಲಿಸಬಹುದು ಎಂದು ಡಾಕ್ಟರ್ ಹೇಳಿದ್ದರು. ಫಲಿತಾಂಶ ಬಂದ ದಿನ ನಾನು ಅದನ್ನು ಬಹಳ ಹೊತ್ತು ನೋಡಿದೆ. ಫೋನಿನಲ್ಲಿ ಹೇಳಬಾರದು ಅನ್ನಿಸಿತು. ಮಾನ್ವಿ ಬಸ್ ಹಿಡಿದು, ಅಲ್ಲಿಂದ ಟಂಟಂ ಆಟೋ ಹತ್ತಿ ಅವರ ಮನೆಗೆ ಹೋದೆ.

ತಮ್ಮ ಹೊರಗೆ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಹೆಂಡತಿ ಒಳಗಿನಿಂದ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಹಿಟ್ಟಿನ ಕೈ.

"ಹೇಳ್ರಿ ಅಕ್ಕಾರ. ಏನದ ಹೇಳಿಬಿಡ್ರಿ."

"ಹೋದ ಸಲ ಎಷ್ಟಿತ್ತೋ ಅಷ್ಟೇ ಅದ" ಎಂದೆ. "ಏನೂ ಬದಲಾಗಿಲ್ಲ."

ಅವನು ಹಗ್ಗ ಕೆಳಗಿಟ್ಟ. "ಎರಡು ವರ್ಷ ಉಪ್ಪಿಲ್ಲದ ಪಲ್ಯಾ ತಿಂದೀನಿ. ಬದಲಾಗಿಲ್ಲ ಅಂತ ಹೇಳಾಕ ರಾಯಚೂರಿಂದ ಬಂದೀರೇನು?"

"ಅದನ್ನ ಹೇಳಾಕ ಬಂದೀನಿ. ಎಲ್ಲಿತ್ತೋ ಅಲ್ಲೇ ನಿಂತದ. ಕಿಡ್ನಿ ಶಕ್ತಿ ಕೆಳಗ ಇಳಿದಿಲ್ಲ."

"ಇಳಿದಿಲ್ಲ?" ಎಂದು ಹೆಂಡತಿ ಕೇಳಿದಳು.

"ಇಳಿದಿಲ್ಲ."

"ಇನ್ನೊಂದು ಸಲ ಹೇಳ್ರಿ."

ಹೇಳಿದೆ. ಅವಳು ಹಿಟ್ಟಿನ ಕೈಯಲ್ಲೇ ಮುಖ ಒರೆಸಿಕೊಂಡಳು, ಕೆನ್ನೆ ಬಿಳಿಯಾಯಿತು. ಅವನು ಅದನ್ನು ನೋಡಿ, "ನೋಡ್ರಿ, ಬಣ್ಣ ಬಳಕೊಂಡಳು" ಎಂದ. ಅವನ ದನಿ ಗಟ್ಟಿಯಾಗಿರಲಿಲ್ಲ. ಆಮೇಲೆ ಹಗ್ಗವನ್ನು ಮತ್ತೆ ಕೈಗೆತ್ತಿಕೊಂಡು, ಮುಂದಿನ ಸಲ ಯಾವ ತಿಂಗಳು ಬರುತ್ತೀರಿ ಎಂದು ಕೇಳಿದ. ಇನ್ನೂ ಗೊತ್ತಾಗಿಲ್ಲ ಎಂದೆ.

"ಚಳಿಗಾಲಕ್ಕ ಆದ್ರ ಹಿಂಡಿನ ಜೋಡಿ ದೇವದುರ್ಗದ ಕಡಿ ಇರ್ತೀನಿ, ಈಕಿನೂ ಬಂದಿರ್ತಾಳ. ಬೆಳಿಗ್ಗಿ ಬರ್ರಿ. ಮಧ್ಯಾಹ್ನ ನಾನು ಗಿಡದ ಕೆಳಗ ಮಲಗಿರ್ತೀನಿ, ಈಕಿ ಎಬ್ಬಸಾಕ ಬಿಡಂಗಿಲ್ಲ."